ಮೆಟ್ಟಿಲ ತಿರುವಿನ ಕಿಟಕಿ

ಊರಿನಲ್ಲಿ ಮನೆ ಕಟ್ಟುವ ಮೇಸ್ತ್ರಿಗಳು ಬೇಕಾದಷ್ಟು ಜನ ಇದ್ದರು, ಕೆಡವುವ ಮೇಸ್ತ್ರಿ ಒಬ್ಬನೇ. ಅವನನ್ನು ಎಲ್ಲರೂ ಮುರಿಮೇಸ್ತ್ರಿ ಎಂದೇ ಕರೆಯುತ್ತಿದ್ದರು, ಎದುರಿಗೂ ಹಾಗೆಯೇ. ಹೊಸದಾಗಿ ಮನೆ ಕಟ್ಟಿಸಿದವರು ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು, ಅವನ ನೆರಳು ಬಿದ್ದರೂ ಗೋಡೆ ಬಿರುಕು ಬಿಟ್ಟೀತು ಎಂಬಂತೆ. ಇದಕ್ಕೆಲ್ಲ ಅವನು ಉರಿದು ಬೀಳುತ್ತಿದ್ದ. ಮೊದಲೇ ಮೂಗಿನ ತುದಿಯಲ್ಲಿ ಕೋಪ.

ಅವನ ಕೆಲಸಕ್ಕೊಂದು ಕ್ರಮವಿತ್ತು. ಮನೆ ಒಪ್ಪಿಕೊಂಡ ಮೊದಲ ದಿನ ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಒಬ್ಬನೇ ಒಳಗೆಲ್ಲ ತಿರುಗುತ್ತಿದ್ದ. ಬಾಗಿಲು, ಕಿಟಕಿಗಳ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು. ಮರ ಗಟ್ಟಿಯಿದ್ದರೆ ಎಡಗಡೆ ಕೆಳಮೂಲೆಯಲ್ಲಿ ಒಂದು ಸೊನ್ನೆ, ಅದರೊಳಗೊಂದು ಗೀಟು. ಸುತ್ತಿಗೆ ಬೀಳುವ ಮೊದಲು ಗುರುತಿದ್ದವೆಲ್ಲ ಹುಷಾರಾಗಿ ಹೊರಗೆ ಬಂದು ಮಾರಾಟಕ್ಕೆ ಹೋಗಬೇಕು. ಮಾರುವ ಜವಾಬ್ದಾರಿ ಹೆಂಡತಿಯ ತಮ್ಮನದು. "ಗುರುತು ಇದ್ರೆ ತೆಗಿ, ಇಲ್ದಿದ್ರೆ ಬಿಡು. ಪ್ರತಿಯೊಂದಕ್ಕೂ ನನ್ನ ತಲೆ ತಿನ್ಬೇಡ" ಎಂದು ಭಾವಮೈದನಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದ.

ಆ ಎರಡಂತಸ್ತಿನ ಮನೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಎಷ್ಟೋ ಸಲ ಅದರ ಮುಂದೆ ಓಡಾಡಿದ್ದರೂ ತಲೆಯೆತ್ತಿ ನೋಡಿರಲಿಲ್ಲ. ಅದನ್ನು ಕೊಂಡಿದ್ದ ಗುತ್ತಿಗೆದಾರ, ಅಂಗಡಿ ಮಳಿಗೆ ಕಟ್ಟುವವನು, "ಒಳಗೆ ಏನ್ ಸಿಕ್ರೂ ನಿಮ್ದೇ ಮೇಸ್ತ್ರಿ, ಜಾಗ ಒಂದು ಬೇಗ ಖಾಲಿ ಮಾಡ್ಕೊಡಿ" ಎಂದಿದ್ದ. ಮೆಟ್ಟಿಲು ಅರ್ಧಕ್ಕೆ ತಿರುಗುವಲ್ಲಿ ಆಳೆತ್ತರದ ಒಂದು ಕಿಟಕಿ, ಅದರ ಬುಡದಲ್ಲಿ ಕೂರಲು ಹಲಗೆ. ಮೇಸ್ತ್ರಿ ತಟ್ಟಿ ನೋಡಿದ, ಗುರುತು ಹಾಕಿದ. ಆಮೇಲೆ ಇಲಿ ಗೂಡು ಇರಬಹುದೆಂದು ಹಾರೆಯಲ್ಲಿ ಹಲಗೆ ಎಬ್ಬಿಸಿದರೆ ಅಡಿಯಲ್ಲಿ ರಾಶಿ ಪುಸ್ತಕ. ಎಲ್ಲವೂ ಪತ್ತೇದಾರಿ ಕಾದಂಬರಿಗಳು. ರಟ್ಟಿನ ಮೇಲೆ ರಕ್ತ ಸುರಿಯುವ ಚಾಕು, ಬಾಯಿ ತೆರೆದು ಕಿರುಚುವ ಹೆಂಗಸರು. "ಥೂ, ಕೆಲಸ ಇಲ್ದವರ ಕೆಲಸ" ಎಂದುಕೊಂಡ.

ಮಧ್ಯಾಹ್ನ ಬುತ್ತಿ ಮುಗಿಸಿ, ಸೆಕೆಗೆ ಗಾಳಿ ಬೀಸಿಕೊಳ್ಳಲು ಅದರಲ್ಲೊಂದನ್ನು ಕೈಗೆತ್ತಿಕೊಂಡ. ಬೀಸುತ್ತ ಬೀಸುತ್ತ ಒಂದು ಸಾಲು ಕಣ್ಣಿಗೆ ಬಿತ್ತು. ಹೆಣ ಬಿದ್ದ ಕೋಣೆಯ ಬಾಗಿಲಿಗೆ ಒಳಗಿಂದ ಚಿಲಕ. ಅರೆ, ಹಾಗಾದರೆ ಕೊಂದವನು ಹೊರಗೆ ಹೋದದ್ದು ಹೇಗೆ? ಆವತ್ತು ಆ ಮನೆಯಲ್ಲಿ ಒಂದು ಇಟ್ಟಿಗೆಯೂ ಬೀಳಲಿಲ್ಲ.

ಅಲ್ಲಿಂದ ಶುರುವಾಯಿತು ಪೀಕಲಾಟ. ಗೋಡೆ ತಟ್ಟಿ ಒಳಗೆ ಮಣ್ಣೋ ಕಲ್ಲೋ ಹೇಳಬಲ್ಲವನಿಗೆ ಕೊಲೆಗಾರ ಯಾರೆಂದು ಒಂದು ಸಲವೂ ಹೊಳೆಯಲಿಲ್ಲ. ಅಡುಗೆಯವನ ಮೇಲೆ ಅನುಮಾನಪಟ್ಟರೆ ಡಾಕ್ಟರು. ಮುಂದಿನದರಲ್ಲಿ ಡಾಕ್ಟರನ್ನು ಹಿಡಿದರೆ, ಮೊದಲಿಂದಲೂ ಮೂಲೆಯಲ್ಲಿ ಕೂತು ಕೆಮ್ಮುತ್ತಿದ್ದ ಚಿಕ್ಕಪ್ಪ. "ಮೊದಲನೇ ಅಧ್ಯಾಯದಲ್ಲೇ ಇದ್ದ ಕಣೇ ಅವನು, ನನ್ನ ಕಣ್ಣೆದುರಿಗೇ ಇದ್ದ" ಎಂದು ಮನೆಗೆ ಬಂದು ಹೆಂಡತಿಯ ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದ. ಬರೆದವನಿಗೆ ಬಾಯಿಗೆ ಬಂದಂತೆ ಬಯ್ಯುತ್ತಲೇ ಮರುದಿನ ಇನ್ನೊಂದನ್ನು ಬಿಚ್ಚುತ್ತಿದ್ದ.

ಪುಸ್ತಕಗಳನ್ನು ಮನೆಗೆ ಹೊತ್ತು ತಂದದ್ದೂ ಆಯಿತು. ಪ್ರಯೋಜನವಾಗಲಿಲ್ಲ. ಹೆಂಡತಿಯದು ಹೊಲಿಗೆ ಕೆಲಸ, ಇದ್ದೊಂದು ನಡುಮನೆಯಲ್ಲಿ ಮೆಷಿನ್ನಿನ ಕಟಕಟ. ಪಕ್ಕದ ಮನೆಯ ಟಿ.ವಿ. ಇವರ ಮನೆಯಲ್ಲೇ ಇದ್ದಂತೆ ಕೇಳುತ್ತಿತ್ತು. ಹಿತ್ತಲ ಕಡೆ ಬರೀ ಗೋಡೆ, ಹಗಲಲ್ಲೂ ದೀಪ ಹಾಕಬೇಕು. ಒಂದು ಪುಟ ಮುಗಿಯುವಷ್ಟರಲ್ಲಿ ಕಣ್ಣು ಉರಿಯುತ್ತಿತ್ತು, ಅದರ ಹಿಂದೆಯೇ ಹೊಟ್ಟೆಯೂ. ಮೆಟ್ಟಿಲ ತಿರುವಿನಲ್ಲಾದರೆ ಬೆಳಕು ಎಡಭುಜದ ಮೇಲಿಂದ ಹಾಳೆಗೆ ಇಳಿಯುತ್ತಿತ್ತು, ಸಂಜೆಯವರೆಗೂ ಕದಲುತ್ತಿರಲಿಲ್ಲ. ಹುಟ್ಟಿದಾಗಿನಿಂದ ತನಗೆಂದೇ ಒಂದು ಜಾಗ ಅವನಿಗೆ ಇರಲಿಲ್ಲ. ಈಗ ಸಿಕ್ಕಿತ್ತು, ಅದನ್ನೇ ಕೆಡವಲು ಒಪ್ಪಿಕೊಂಡಿದ್ದ.

ಕೊನೆಗೊಂದು ದಿನ ಹೆಂಡತಿಯ ಹತ್ತಿರ ಬಾಯಿ ಬಿಟ್ಟ. "ಆ ಕಿಟಕಿ ನಮ್ಮನೆಗೇ ತಂದ್ಬಿಡೋಣ ಅಂತ. ಹಿತ್ತಲ ಗೋಡೆ ಒಡೆದು ಕೂರಿಸ್ತೀನಿ."

ಅವಳು ದಾರ ಕಚ್ಚಿ ತುಂಡು ಮಾಡಿದಳು. "ಕೂರಿಸ್ರೀ. ನಾನು ಮೆಷಿನ್ ಆ ಕಡೆಗೆ ಸರಿಸ್ಕೋತೀನಿ. ನಮ್ ತಮ್ಮಂಗೆ ಹೇಳಿದೀರಾ?"

"ಹೇಳ್ತೀನಿ ಬಿಡು."

ಹೇಳಲಿಲ್ಲ. ಮುರಿಮೇಸ್ತ್ರಿಗೆ ಕಿಟಕಿಯ ಮೇಲೆ ಮನಸ್ಸಾಗಿದೆ ಎಂದರೆ ಭಾವಮೈದ ಊರೆಲ್ಲ ಡಂಗುರ ಸಾರುತ್ತಾನೆ, ಆಳುಗಳು ಬೆನ್ನ ಹಿಂದೆ ಕಿಸಕ್ಕೆನ್ನುತ್ತಾರೆ. ಕೊನೆಯ ದಿನ ತಾನೇ ಬಿಚ್ಚಿಕೊಂಡು ಹೋದರಾಯಿತು, ಯಾರನ್ನೇನು ಕೇಳುವುದು ಎಂದುಕೊಂಡ.

ಆ ವಾರ ಗುತ್ತಿಗೆದಾರ, ಕೆಲಸ ಯಾಕೆ ಕುಂಟುತ್ತಿದೆ ಎಂದು ಅವನನ್ನು ಕಚೇರಿಗೆ ಕರೆಸಿ ಚೆನ್ನಾಗಿ ಝಾಡಿಸಿದ. ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡ. ಆಗಿನ ಕಾದಂಬರಿಯಲ್ಲಿ ಕೊನೆಯ ಅಧ್ಯಾಯವೊಂದೇ ಬಾಕಿಯಿತ್ತು. ಈ ಸಲ ಕೊಲೆಗಾರ ವಕೀಲನೇ ಎಂದು ಆಣೆ ಮಾಡಿ ಹೇಳಬಲ್ಲ. ಬಿರಬಿರನೆ ಆ ಹಳೇ ಮನೆಗೆ ಬಂದು ಮೆಟ್ಟಿಲು ಹತ್ತಿದರೆ ತಿರುವಿನಲ್ಲಿ ಕಿಟಕಿ ಇಲ್ಲ. ಗೋಡೆಯಲ್ಲಿ ದೊಡ್ಡ ತೂತು. ಬೀದಿಯ ಧೂಳೆಲ್ಲ ಹಲಗೆಯ ಮೇಲೆ, ಧೂಳಿನ ನಡುವೆ ಅವನ ಪುಸ್ತಕ.

"ಯಾರೋ ತೆಗೆದಿದ್ದು?" ಅವನ ಕೂಗಿಗೆ ಆಳುಗಳು ಕೈಲಿದ್ದ ಸುತ್ತಿಗೆ ಕೆಳಗಿಟ್ಟರು.

ಭಾವಮೈದ ಮೇಲೆ ಬಂದ. "ನಾನೇ ಭಾವ. ಹೋಟೆಲ್‌ನವರು ಬಂದಿದ್ರು, ಹಳೇ ಕಿಟಕಿ ಬೇಕು ಅಂದ್ರು, ಕೊಟ್ಟೆ. ಯಾಕೆ?"

"ಯಾಕೆ ಅಂತ ಕೇಳ್ತೀಯಾ? ನನ್ನ ಕೇಳದೆ ಹೆಂಗ್ ಕೊಟ್ಟೆ? ಕಣ್ಣು ಎಲ್ಲಿಟ್ಟಿದ್ದೆ? ನಿನಗೆ ಅನ್ನ ಹಾಕ್ತಿರೋನು ನಾನು, ನೆನಪಿರ್ಲಿ."

ಆ ಕೊನೆಯ ಮಾತು ಆಡಬಾರದಿತ್ತು. ಭಾವಮೈದನ ಮುಖ ಸಪ್ಪಗಾಯಿತು. ಏನೋ ಹೇಳಲು ಬಾಯಿ ತೆರೆದವನು ಹೇಳದೆಯೇ ಕೆಳಗಿಳಿದು ಹೋದ, ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ. ಹೆಂಡತಿ ಮಾತು ಬಿಟ್ಟಳು. ಮೆಷಿನ್ನು ಮಾತ್ರ ಎಂದಿಗಿಂತ ಜೋರಾಗಿ ಆಡುತ್ತಿತ್ತು.

ಸಿಟ್ಟೆಲ್ಲ ಆ ಮನೆಯ ಮೇಲೆ ಹೋಯಿತು. ಕುಂಟುತ್ತಿದ್ದ ಕೆಲಸ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು, ಗುತ್ತಿಗೆದಾರ ಬೆನ್ನು ತಟ್ಟಿದ. ಮೇಸ್ತ್ರಿಗೆ ಅವನ ಕೈ ಮುರಿಯಬೇಕು ಅನ್ನಿಸಿತು.

ಖಾಲಿ ಜಾಗ ಒಪ್ಪಿಸಿದ ಮಧ್ಯಾಹ್ನ ಅವನು ನೆಟ್ಟಗೆ ಹೋಟೆಲಿಗೆ ಹೋದ, ಕಂಕುಳಲ್ಲಿ ಅದೇ ಪುಸ್ತಕ. ಕಾಲು ಹಿಡಿದಾದರೂ ಕಿಟಕಿ ವಾಪಸ್ ಕೇಳುವುದು, ಕೊಡದಿದ್ದರೆ ಅದರ ಪಕ್ಕ ಕೂತು ಕೊನೆಯ ಅಧ್ಯಾಯವನ್ನಾದರೂ ಓದುವುದು ಎಂದು ಲೆಕ್ಕ ಹಾಕಿದ್ದ. ಕಿಟಕಿ ಒಳಗೋಡೆಯ ಮೇಲೆ ನೇತಾಡುತ್ತಿತ್ತು. ವಾರ್ನಿಷ್ ಬಳಿದು ಮಿರಮಿರ ಹೊಳೆಯುವಂತೆ ಮಾಡಿದ್ದರು. ಗಾಜಿನ ಜಾಗದಲ್ಲೆಲ್ಲ ಕನ್ನಡಿ ಕೂರಿಸಿದ್ದರು. ಅದರಿಂದ ಬೆಳಕು ಬರುವ ಮಾತೇ ಇರಲಿಲ್ಲ. ಮೈತುಂಬ ಧೂಳಾದ, ಕೆಂಡದಂಥ ಮುಖದ ಒಬ್ಬ ಮನುಷ್ಯ ಅಲ್ಲಿಂದ ಅವನನ್ನೇ ದುರುಗುಟ್ಟಿ ನೋಡುತ್ತಿದ್ದ.

ಮೇಸ್ತ್ರಿ ದೃಷ್ಟಿ ಕೆಳಗಿಳಿಸಿದ. ಎಡಗಡೆ ಕೆಳಮೂಲೆಯಲ್ಲಿ ಒಂದು ಸೊನ್ನೆ, ಅದರೊಳಗೊಂದು ಗೀಟು.

ಅಷ್ಟೂ ಮಧ್ಯಾಹ್ನಗಳು ಅದಕ್ಕೆ ಭುಜ ತಾಗಿಸಿಕೊಂಡೇ ಕೂತಿದ್ದ, ಒಂದು ಸಲ ಕೈಯಾಡಿಸಿ ಅಳಿಸಿದ್ದರೆ ಸಾಕಿತ್ತು. ಅಳಿಸಿರಲಿಲ್ಲ. ಪಾಪ, ಆವತ್ತು ಭಾವಮೈದ ಬಾಯಿ ತೆರೆದು ಹೇಳಹೊರಟದ್ದು ಇದನ್ನೇ.

ಬೆರಳಿಗೆ ಎಂಜಲು ಹಚ್ಚಿ ಗುರುತನ್ನು ಉಜ್ಜಿದ. ಅದು ವಾರ್ನಿಷ್ಷಿನ ಅಡಿಯಲ್ಲಿತ್ತು. ಅಂಗೈಯಿಂದ ಉಜ್ಜಿದ, ಅಂಗಿಯ ತುದಿಯಿಂದ ಉಜ್ಜಿದ.

ಟೇಬಲ್ ಒರೆಸುತ್ತಿದ್ದ ಮಾಣಿ ಹತ್ತಿರ ಬಂದ. "ಉಜ್ಬೇಡಿ ಯಜಮಾನ್ರೇ, ಅದು ಹೋಗಲ್ಲ. ಚೆನ್ನಾಗಿದೆ ಅಂತ ನಮ್ ಸಾಹುಕಾರ್ರೇ ಉಳಿಸ್ಕೊಂಡಿದಾರೆ. ಏನ್ ಕೊಡ್ಲಿ?"