ಸಂಸದರಿಗೆ ಕಾಗದ ಬರೆಯುತ್ತಿದ್ದ ಧರ್ಮಪಾಲರು

ದುಬೈಯ ನೈಫ್‌ನ ಗಲ್ಲಿಯೊಂದರ ಟೈಪಿಂಗ್ ಸೆಂಟರಿನಲ್ಲಿ ಒಂಬತ್ತು ವರ್ಷದಿಂದ ನನ್ನದು ಧರ್ಮಪಾಲರ ಪಕ್ಕದ ಕುರ್ಚಿ. ವೀಸಾ, ಬಾಡಿಗೆ ಕರಾರು, ಮರಣ ಪ್ರಮಾಣಪತ್ರ, ಊರವರ ಅರ್ಜಿಗಳನ್ನೆಲ್ಲ ನಾವೇ ಟೈಪ್ ಮಾಡಿ ಕೊಡುತ್ತೇವೆ. ಉಡುಪಿ ಕಡೆಯ ಈ ಮನುಷ್ಯನಿಗೆ ಒಂದೇ ಹುಚ್ಚು: ತಿಂಗಳಿಗೊಮ್ಮೆ ತನ್ನ ಕ್ಷೇತ್ರದ ಸಂಸದರಿಗೆ ಕಾಗದ ಬರೆಯುವುದು. ಹನ್ನೊಂದು ವರ್ಷದಲ್ಲಿ ಒಂದಕ್ಕೂ ಉತ್ತರ ಬಂದಿರಲಿಲ್ಲ.

ಸಾರ ಯಾವಾಗಲೂ ಅದೇ. ಕೇಂದ್ರ ಸರ್ಕಾರ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಅರ್ಧ ಇಲಾಖೆಗಳಿಗೆ ಬೀಗ ಜಡಿಯಬೇಕು. ಮೀನು ಒಣಗಿಸುವವನಿಗೆ ನಾಲ್ಕು ಪರವಾನಗಿ ಯಾಕೆ? ಎಲ್ಲಕ್ಕಿಂತ ಅವರ ಪಿತ್ತ ಕೆರಳಿಸುತ್ತಿದ್ದದ್ದು ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡಬೇಕಾದ, ತಾವು ಬದುಕಿದ್ದೇವೆ ಎನ್ನುವ ಪ್ರಮಾಣಪತ್ರ.

"ಎದುರು ನಿಂತವ ಜೀವಂತ ಇದ್ದಾನೆ ಅಂತ ಹೇಳ್ಲಿಕ್ಕೆ ಒಬ್ಬ ಆಫೀಸರ್, ಅವನಿಗೊಂದು ಸೀಲ್, ಸೀಲಿಗೊಬ್ಬ ಪ್ಯೂನ್! ಎಂತ ದಂಡ ಖರ್ಚು ಭವ್ಯಶ್ರೀ ಇದು?"

"ಕಾಯ್ದೆ ಎಲ್ಲ ಹೋದ್ರೆ ನಾವು ಎಂತ ತಿನ್ನುದು ಸರ್?" ಎಂದು ನಾನು ಕೆಣಕುತ್ತಿದ್ದೆ.

"ನಾನು ಹೊಟ್ಟೆಗೋಸ್ಕರ ಬರೆಯುದಲ್ಲ ಮಾರಾಯ್ತಿ."

ನಗುತ್ತಿದ್ದೆ, ಆದರೆ ತನ್ನ ಅನ್ನಕ್ಕೇ ಕಲ್ಲು ಬೀಳುವ ಮಾತನ್ನು ಇಷ್ಟು ನಿಯತ್ತಿನಿಂದ ಆಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಈ ಬಾರಿ ಊರಿಗೆ ಹೋಗಿ ಓಟು ಹಾಕಲೇಬೇಕೆಂದು ಅವರು ಟಿಕೆಟ್ಟನ್ನೂ ಮಾಡಿಸಿದ್ದರು. ಓಟಿಲ್ಲದವನ ಕಾಗದಕ್ಕೆ ತೂಕವಿಲ್ಲ ಎನ್ನುವುದು ಅವರ ವಾದ.

ಒಂದು ಮಧ್ಯಾಹ್ನ ಗಲ್ಲಿಯ ಶಟರುಗಳೆಲ್ಲ ಇಳಿದು, ಬೀದಿಯಲ್ಲಿ ಬಿಸಿಲು ಬಿಟ್ಟು ಯಾರೂ ಇಲ್ಲದ ಹೊತ್ತಿನಲ್ಲಿ ಸಂಸದರ ಕಚೇರಿಯಿಂದ ಉತ್ತರ ಬಂತು. ಮೇಲ್ ಧರ್ಮಪಾಲರ ವಿಳಾಸಕ್ಕೇ ಬಂದಿತ್ತು, ಆದರೆ ಬರೆದದ್ದು ಹೆಂಡತಿಗೆ.

"ಶ್ರೀಮತಿ ಚಂದ್ರಮತಿಯವರಿಗೆ. ಉತ್ತರಿಸುವ ಮುನ್ನ ಮತದಾರರ ಪಟ್ಟಿ ನೋಡಿದಾಗ ನಿಮ್ಮ ಪತಿ ತೀರಿಕೊಂಡ ವಿಷಯ ತಿಳಿಯಿತು. ಅವರ ಸಲಹೆಗಳನ್ನು ಗಮನದಲ್ಲಿ ಇಟ್ಟುಕೊಳ್ಳುತ್ತೇವೆ."

ಧರ್ಮಪಾಲರು ಎರಡು ಸಲ ಓದಿದರು. ಆಮೇಲೆ ಅಲುಗಾಡಲಿಲ್ಲ. ನಮ್ಮ ಆಫೀಸಿನ ದೀಪ ಯಾರೂ ಅಲುಗಾಡದಿದ್ದರೆ ತಾನಾಗಿ ಆರುತ್ತದೆ, ಅದೂ ಆರಿತು. ಅವರು ಕೈಯೆತ್ತಿ ಬೀಸಿದರು. ಹೊತ್ತಲಿಲ್ಲ. ನಾನು ಬೀಸಿದೆ, ಹೊತ್ತಿತು.

ತಪ್ಪು ಧರ್ಮಪಾಲರದೇ ಆಗಿತ್ತು. ನಮ್ಮ ಕಸುಬಿನಲ್ಲಿ ಯಾರೂ ಖಾಲಿ ಫಾರಂ ತೆರೆಯುವುದಿಲ್ಲ. ಹಿಂದಿನವನ ಫೈಲು ತೆಗೆದು, ಅವನ ಹೆಸರು ಅಳಿಸಿ, ಹೊಸಬನ ಹೆಸರು ಹೊಡೆಯುತ್ತೇವೆ. ಹಳೇ ಮತಗಟ್ಟೆಯಿಂದ ಹೆಸರು ತೆಗೆಸಿ ತಮ್ಮನ ಮನೆ ವಿಳಾಸಕ್ಕೆ ಸೇರಿಸಲು ಅವರು ಕೆಲವು ತಿಂಗಳ ಹಿಂದೆ ಅರ್ಜಿ ಹಾಕಿದ್ದರು, ಅದು ಬೆನೆಡಿಕ್ಟ್‌ನ ಫೈಲಿನ ಮೇಲೆ ಹೊಡೆದದ್ದು. ಬೆನೆಡಿಕ್ಟ್ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ಸತ್ತ ಮೇಸ್ತ್ರಿ, ಮತದಾರರ ಪಟ್ಟಿಯಿಂದ ಅವನ ಹೆಸರು ತೆಗೆಸುವ ಅರ್ಜಿಯನ್ನೂ ನಾವೇ ಹೊಡೆದಿದ್ದೆವು. ಎಲ್ಲ ಬದಲಾಗಿತ್ತು, ಕಾರಣದ ಜಾಗದಲ್ಲಿ "ಮರಣ" ಹಾಗೇ ಉಳಿದಿತ್ತು. ಊರಿನ ಬೀಗ ಹಾಕಿದ ಮನೆಗೆ ನೋಟೀಸು ಅಂಟಿಸಿ, ಉತ್ತರ ಬಾರದೆ, ಹೆಸರು ತೆಗೆದಿದ್ದರು.

ಮತ್ತೆ ಸೇರಿಸಬೇಕಾದರೆ ಬದುಕಿದ್ದೇನೆಂಬ ಪ್ರಮಾಣಪತ್ರ ಬೇಕೆಂದು ಚುನಾವಣೆ ಕಚೇರಿಯವರು ಫೋನಿನಲ್ಲಿ ಹೇಳಿದರು.

"ಸತ್ರೂ ಆ ಕಾಗದ ಕೇಳುದಿಲ್ಲ," ಎಂದು ಧರ್ಮಪಾಲರು ಎರಡು ದಿನ ಹಟ ಹಿಡಿದರು. ಮೂರನೇ ದಿನ ಬಂದವರ ಮುಖ ಇಳಿದಿತ್ತು.

"ಚಂದ್ರಮತಿ ಆ ಮೇಲ್ ಓದಿದ್ದಾಳೆ. ಈಗ ಊಟ ಬಡಿಸುವ ಮೊದ್ಲು ನನ್ನ ಕೈ ಮುಟ್ಟಿ ನೋಡ್ತಾಳೆ. ಅರ್ಜಿ ಹಾಕು."

ಹಾಕಿದೆ. ಬೆರಳಿನ ಗುರುತು ಓದುವ ಯಂತ್ರದ ಮೇಲೆ ಅವರು ಹೆಬ್ಬೆರಳಿಟ್ಟರು. ಹೊಂದಿಕೆಯಾಗುತ್ತಿಲ್ಲ ಎಂದಿತು. ಹತ್ತೂ ಬೆರಳು ಇಟ್ಟರು. ಇಪ್ಪತ್ತಾರು ವರ್ಷ ಕೀಲಿಮಣೆ ಕುಟ್ಟಿದ ಬೆರಳು, ಗೆರೆ ಸವೆದಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಆ ಬೆರಳುಗಳನ್ನು ನೋಡಲು ಹೆದರಿಕೆಯಾಯಿತು.

"ಆಫೀಸರ್ ಯಾರಾದ್ರೂ ಇದ್ದಾರಾ, ಎದುರು ಹೋಗಿ ನಿಲ್ಲುವ ಅಂದ್ರೆ?"

"ಇಲ್ಲ ಸರ್. ಈಗ ಎಲ್ಲ ಇದರಲ್ಲೇ. ಖರ್ಚು ಕಮ್ಮಿ ಮಾಡಿದ್ದಾರೆ."

ನನಗೆ ತಡೆಯಲಾಗದೆ ಅವರ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. "ನಾನು ನೋಡ್ತಾ ಇದ್ದೇನಲ್ಲ ಸರ್. ನೀವು ಇದ್ದೀರಿ."

ಧರ್ಮಪಾಲರು ಮೆಲ್ಲಗೆ ಕೈ ಬಿಡಿಸಿಕೊಂಡರು. "ನೀನು ಸಾಕಾಗುದಿಲ್ಲ ಮಾರಾಯ್ತಿ," ಎಂದರು. "ಸೀಲ್ ಇದ್ದವ ಬೇಕು."