ನೀರು ಹೋದ ಹೊತ್ತು

ಬಸುರಿ ಹೆಂಗಸರನ್ನು ಸಾಲಾಗಿ ಕೂರಿಸಿಕೊಂಡು ಚಿತ್ರದ ಹಾಳೆ ತೋರಿಸುವುದು ನನ್ನ ನೌಕರಿಯ ಒಂದು ಭಾಗ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವವರ ಓಣಿಯೊಂದರ ಅಂಗನವಾಡಿ ಟೀಚರ್ ನಾನು. ಹಾಳೆಯ ಮೇಲೆ ಕಾಲು ಬಾತ ಹೆಂಗಸು, ತಲೆ ಹಿಡಿದುಕೊಂಡ ಹೆಂಗಸು, ಸೀರೆ ತೊಯ್ದು ನಿಂತ ಹೆಂಗಸು ಇದ್ದಾರೆ. ಸೀರೆ ತೊಯ್ದವಳ ಮೇಲೆ ಕೋಲಿಟ್ಟು ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ ಹೇಳುತ್ತಿದ್ದೆ: ನೀರು ಹೋದರೆ ಹೆರಿಗೆ ಬ್ಯಾನಿ ಬರಲಿ ಬಿಡಲಿ, ಆ ಗಳಿಗೆಯೇ ದವಾಖಾನೆ ಸೇರಬೇಕು. ಯಾರಾದರೂ ಮಾತಾಡುತ್ತ ಕೂತಿದ್ದರೆ ಎಬ್ಬಿಸಿ ಅವರ ಬಾಯಿಂದಲೇ ಹೇಳಿಸುತ್ತಿದ್ದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಆ ಗಾದೆಗೆ ನಾನೂ ಎಲ್ಲರ ಹಾಗೆ ನಗುತ್ತಿದ್ದೆ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳು ತಿಂಗಳು ತುಂಬುತ್ತಲೇ ಅವ್ವ ಬಂದು ಕರೆದುಕೊಂಡು ಹೋದಳು. ನನ್ನ ತವರು ನಾರಾಯಣಖೇಡದಿಂದ ಜಹೀರಾಬಾದಿಗೆ ಹೋಗುವ ದಾರಿಯ ಒಂದು ಹಳ್ಳಿ. ಅಪ್ಪ ತೀರಿಹೋದ ಮೇಲೆ ಅವ್ವ ಎರಡು ಎಮ್ಮೆ ಕಟ್ಟಿಕೊಂಡು, ಮಂದಿಯ ಕಬ್ಬಿನ ಹೊಲದಲ್ಲಿ ದುಡಿದು ನನ್ನನ್ನು ಓದಿಸಿದವಳು. ನನಗೆ ನೌಕರಿ ಸಿಕ್ಕ ದಿನ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಅವಳ ಮಾತು ಮೀರಿ ಗೊತ್ತಿಲ್ಲ ನನಗೆ.

ನೀರು ಹೋದದ್ದು ಒಂಬತ್ತು ತುಂಬಿದ ಮೇಲೆ, ಅಮಾಸಿ ದಿನ, ಮಧ್ಯಾಹ್ನ ಎರಡರ ಸುಮಾರಿಗೆ. ಉಂಡ ಗಂಗಾಳ ಎತ್ತಲು ಎದ್ದವಳಿಗೆ ಕಾಲಗುಂಟ ಬೆಚ್ಚಗೆ ಇಳಿಯಿತು. ಏನೆಂದು ತಿಳಿಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅವ್ವನನ್ನು ಕೂಗಿದೆ. ಅವಳು ನೆಲ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದಳು.

“ಬ್ಯಾನಿ ಅದಾವೇನು?”

“ಇಲ್ಲ.”

“ಮತ್ಯಾಕ ಗಾಬರಿ? ಇವತ್ತ ಅಮಾಸಿ ಅದ. ನಾಳಿ ಹತ್ತೂವರಿಗಿ ಬಿಡ್ತದ. ಅಮಾಸ್ಯಾಗ ಬಸುರಿ ಹೊಸ್ತಿಲ ದಾಟಬಾರದವ್ವ. ಬಿಟ್ಟ ಮ್ಯಾಲ ಹೋಗಾಮು.”

ಹೀಗೆ ಹೇಳಿ ಬಾಗಿಲ ಅಗಳಿ ಹಾಕಿದಳು. ತಾಂಡೂರಿಗೆ, ನನ್ನ ಗಂಡನಿಗೆ ಫೋನು ಮಾಡುತ್ತೇನೆ ಎಂದರೆ ಅದಕ್ಕೂ ಬೇಡವೆಂದಳು. ಹೆರುವ ಸುದ್ದಿ ಎಷ್ಟು ಮಂದಿಯ ಕಿವಿಗೆ ಬೀಳುತ್ತದೋ ಹೆರಿಗೆ ಅಷ್ಟು ತಾಸು ಎಳೆಯುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಹಾಲು ಕೊಳ್ಳಲು ಬಂದ ಪಕ್ಕದ ಮನೆಯವಳನ್ನು ಕೂಡ ಅವ್ವ ಕಿಟಕಿಯಿಂದಲೇ ಮಾತಾಡಿಸಿ ಕಳಿಸಿದಳು.

ಅವ್ವನ ಮೇಲೆ ಎಲ್ಲ ಹಾಕಿ ನಾನು ಕೈ ತೊಳೆದುಕೊಳ್ಳುವ ಹಾಗಿಲ್ಲ. ಫೋನು ನನ್ನ ದಿಂಬಿನ ಬದಿಯಲ್ಲೇ ಇತ್ತು. ಆಂಬುಲೆನ್ಸಿನ ನಂಬರು ನಾನು ಊರಿಗೆಲ್ಲ ಬಾಯಿಪಾಠ ಮಾಡಿಸಿದ್ದು. ಕೂಸು ಒಳಗೆ ಚೆನ್ನಾಗಿ ಒದೆಯುತ್ತಿತ್ತು, ಬ್ಯಾನಿಯೂ ಇರಲಿಲ್ಲ, ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ. ಇನ್ನೂ ಖರೆ ಹೇಳಬೇಕೆಂದರೆ ನನಗೂ ಅಮಾಸಿಯ ಹೆದರಿಕೆ ಇತ್ತು. ಓದಿದ್ದು ಬಾಯಲ್ಲಿತ್ತು, ಅಮಾಸಿ ಹೊಟ್ಟೆಯೊಳಗಿತ್ತು. ಅವ್ವ ಮಾಡಿಕೊಟ್ಟ ಬಿಸಿ ಗಂಜಿ ಕುಡಿದು ಮಗ್ಗುಲಾಗಿ ಮಲಗಿದೆ.

ಬ್ಯಾನಿ ಮರುದಿನ ಬೆಳಿಗ್ಗೆ ಆರಕ್ಕೆ ಸುರುವಾದವು. ಒಂಬತ್ತರ ಹೊತ್ತಿಗೆ ಗೋಡೆ ಹಿಡಿದು ನಿಲ್ಲಲೂ ಆಗದೆ ಹೋಯಿತು. “ಅವ್ವಾ, ನನ್ನ ಕೈಲಿ ಇನ್ನ ಆಗಂಗಿಲ್ಲ” ಎಂದೆ. ಅವಳು ಗಡಿಯಾರದ ಕಡೆ ನೋಡುತ್ತ ಬಹಳ ಹೊತ್ತು ನಿಂತಳು. ಕೊನೆಗೆ ಹೊಸ್ತಿಲಿಗೆ ನೀರು ಹಾಕಿ, ನನ್ನ ಸೆರಗಿಗೆ ಲಿಂಬೆಹಣ್ಣು ಕಟ್ಟಿ, ಪಕ್ಕದ ಮನೆಯವರ ಆಟೋ ಕರೆದಳು. ನಾವು ಹೊರಟಾಗ ಒಂಬತ್ತೂವರೆ.

ಜಹೀರಾಬಾದಿನ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ನರ್ಸಮ್ಮ ನನ್ನ ಕಾರ್ಡು ಇಸಿದುಕೊಂಡಳು. ಅವಳು ಏನೂ ಕೇಳುವ ಮೊದಲೇ ಅವ್ವ, “ನನ ಮಗಳು ಅಂಗನವಾಡಿ ಟೀಚರ್ ಅದಾಳ್ರಿ” ಎಂದಳು. ನರ್ಸಮ್ಮ ನಕ್ಕು, ಹಾಗಾದರೆ ನನಗೆ ಕೆಲಸ ಕಡಿಮೆ, ನಿನಗೆಲ್ಲ ಗೊತ್ತೇ ಇದೆ ಎಂದು ತೆಲುಗಿನಲ್ಲಿ ಹೇಳಿದಳು. ಆಮೇಲೆ ಪೆನ್ನು ತೆಗೆದು ಕೇಳಿದಳು, “ನೀಳ್ಳು ಎಪ್ಪುಡು ಪೋಯಿನೈ, ಟೀಚರಮ್ಮ?” ನೀರು ಯಾವಾಗ ಹೋದವು ಅಂತ.

ಅವ್ವ ನನಗೆ ಸುಳ್ಳು ಹೇಳೆಂದು ಕಲಿಸಿರಲಿಲ್ಲ. ಅದು ನನ್ನದೇ. ನಿನ್ನೆ ಮಧ್ಯಾಹ್ನ ಎಂದರೆ ಆ ನಗು ಏನಾಗುತ್ತದೆ ಎಂದು ನನಗೆ ಕಾಣುತ್ತಿತ್ತು. ಓದಿದವಳು, ಮಂದಿಗೆ ಹೇಳುವವಳು, ಅಮಾಸಿ ಹಿಡಿದು ಮನೆಯಲ್ಲಿ ಕೂತಳಂತೆ ಎಂದು ಕೋಣೆ ತುಂಬ ಹರಡುತ್ತದೆ. ನಾಚಿಕೆಯಾಯಿತು. ಬೆಳಿಗ್ಗೆ ಏಳಕ್ಕೆ ಎಂದೆ. ಅವಳು ಹಾಗೇ ಬರೆದುಕೊಂಡಳು.

ಹೆರಿಗೆಯ ಬಗ್ಗೆ ನಾನು ಎಷ್ಟೋ ಹೆಂಗಸರಿಗೆ ಪಾಠ ಮಾಡಿದ್ದೆ. ಉಸಿರು ಹೇಗೆ ಎಳೆಯಬೇಕು, ಯಾವಾಗ ತಿಣುಕಬೇಕು ಎಲ್ಲ ಗೊತ್ತಿತ್ತು. ಮಂಚದ ಕಬ್ಬಿಣದ ಸರಳು ಹಿಡಿದ ಮೇಲೆ ಒಂದೂ ನೆನಪಿಗೆ ಬರಲಿಲ್ಲ. ಸಂಜೆ ಐದಕ್ಕೆ ಕೂಸು ಹುಟ್ಟಿತು, ಹೆಣ್ಣು. ಒಳ್ಳೆ ಜೋರಾಗಿ ಅತ್ತಳು. ಎದೆಯ ಮೇಲೆ ಹಾಕಿದರು. ಹಸಿಹಸಿಯಾಗಿ, ಬೆಚ್ಚಗಿದ್ದಳು. ನನ್ನ ಕುತ್ತಿಗೆಯ ಹತ್ತಿರ ಮೂಗು ತಂದು ಸುಮ್ಮನಾದಳು. ಅಷ್ಟು ಸುಖ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಹೆತ್ತ ಮೇಲೆ ಏನಾಗುತ್ತದೆ ಎನ್ನುವುದು ನಮ್ಮ ಚಿತ್ರದ ಹಾಳೆಯಲ್ಲಿ ಇಲ್ಲ. ಮಲೇರಿಯಾ ಬಂದವರ ಹಾಗೆ ಹಲ್ಲು ಕಟಕಟ ಎಂದು ಮೈಯೆಲ್ಲ ನಡುಗುತ್ತದೆ. ಎಲ್ಲ ಮುಗಿಯಿತು ಎಂದುಕೊಳ್ಳುವಾಗ ಮಾಸು ಬೀಳಬೇಕು, ಆಮೇಲೆ ನರ್ಸಮ್ಮ ಮುಷ್ಟಿಯಿಂದ ಹೊಟ್ಟೆ ಒತ್ತುತ್ತಾಳೆ, ಗಡ್ಡೆಗಡ್ಡೆಯಾಗಿ ರಕ್ತ ಹೋಗುತ್ತದೆ. ಹೊಲಿಗೆ ಹಾಕುವಾಗಿನ ನೋವು ಬೇರೆಯೇ ಒಂದು. ಮೊದಲ ಸಲ ಮೂತ್ರಕ್ಕೆ ಕೂತಾಗ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯುತ್ತದೆ. ಇನ್ನು ಮುಂದೆ ಇದನ್ನೆಲ್ಲ ಬಸುರಿಯರಿಗೆ ಮೊದಲೇ ಹೇಳಬೇಕು ಎಂದು ಆ ಸಂಜೆ ಚಹಾ, ಬ್ರೆಡ್ಡು ತಿನ್ನುತ್ತ ನಾನು ಗಟ್ಟಿ ಮನಸ್ಸು ಮಾಡಿದ್ದು ನೆನಪಿದೆ. ಕೂಸು ಎರಡು ಸಲ ಮೊಲೆ ಹಿಡಿಯಿತು. ಅವ್ವ ಅದರ ಅಂಗಾಲಿಗೆ ಕಾಡಿಗೆಯ ಬೊಟ್ಟು ಇಟ್ಟಳು. ಸುಳ್ಳು ದಕ್ಕಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮಗಳು ಬಾಯಿ ತೆರೆಯಲಿಲ್ಲ. ಮೊಲೆ ಹಿಡಿಸಿದರೆ ತೊಟ್ಟು ತುಟಿಯಿಂದ ಜಾರುತ್ತಿತ್ತು. ಅಂಗಾಲು ತಟ್ಟಿದೆ, ಕಿವಿ ಉಜ್ಜಿದೆ, ಏಳಲಿಲ್ಲ. ಉಸಿರಿಗೊಮ್ಮೆ ನರಳುವ ಸಣ್ಣ ಸದ್ದು, ಪಕ್ಕೆಲುಬಿನ ಕೆಳಗೆ ಒಳಕ್ಕೆ ಎಳೆಯುವ ಹೊಟ್ಟೆ. “ಮೊದಲ ದಿನ ಕೂಸುಗಳು ನಿದ್ದಿನೇ ಮಾಡ್ತಾವ, ಫಿಕರ್ ಮಾಡಬ್ಯಾಡ” ಎಂದಳು ಅವ್ವ. ನಾನು ಹೊಲಿಗೆಯ ನೋವಿನಲ್ಲೇ ಕಾಲು ಅಗಲಿಸಿಕೊಂಡು ನಡೆದು ಹೋಗಿ ನರ್ಸಮ್ಮನನ್ನು ಕರೆತಂದೆ.

ಮಕ್ಕಳ ಡಾಕ್ಟರು ಬಂದರು. ಬಹಳ ಹೊತ್ತು ಎದೆಗೆ ಕೊಳವೆ ಇಟ್ಟು ಕೇಳಿದರು. ಹೊಟ್ಟೆ ಮುಟ್ಟಿದರು, ಕಾಲು ಎತ್ತಿ ಬಿಟ್ಟರು. ಕಾಗದ ನೋಡಿ ನನ್ನನ್ನೇ ಕೇಳಿದರು, ನೀರು ಹೋದದ್ದು ನಿನ್ನೆ ಬೆಳಿಗ್ಗೆ ಏಳಕ್ಕೇ ಹೌದಲ್ಲ ಎಂದು. ಅವ್ವ ಮಂಚದ ಕಾಲ ಬದಿಗೆ ನಿಂತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಾಗದ ಬರೆದ ಅದೇ ನರ್ಸಮ್ಮ ಡಾಕ್ಟರ ಪಕ್ಕದಲ್ಲೇ ಇದ್ದಳು. ಒಂದು ಸುಳ್ಳು ಮುಚ್ಚಲು ಇನ್ನೊಂದು ಬೇಕು. ಹೌದು ಎಂದೆ. ನನ್ನ ಮಗಳು ನನ್ನ ತೊಡೆಯ ಮೇಲೆ ಉಸಿರಿಗೆ ಒದ್ದಾಡುತ್ತಿರುವಾಗ ನಾನು ನನ್ನ ಮಾನ ನೋಡಿಕೊಂಡೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಮಧ್ಯಾಹ್ನ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದರು. ಅಷ್ಟರಲ್ಲಿ ಫೋನಿನಲ್ಲಿ ಸುದ್ದಿ ಕೇಳಿ ತಾಂಡೂರಿನ ಪಾಲಿಶ್ ಕೆಲಸದಿಂದ ನೇರ ನನ್ನ ಗಂಡ ಬಂದಿದ್ದರು, ಮೈಮೇಲೆ ಕಲ್ಲಿನ ಪುಡಿ ಇನ್ನೂ ಹಾಗೇ ಇತ್ತು. ಮಗಳನ್ನು ಅವರು ಮೊದಲು ನೋಡಿದ್ದು ಮೂಗಿಗೆ ಕೊಳವೆ ಹಾಕಿದ ಮೇಲೆ. ಅವರು ಆಂಬುಲೆನ್ಸ್ ಬಂತೇ ಎಂದು ನೋಡಲು ಹೊರಗೆ ಹೋಗಿದ್ದರು, ಡಾಕ್ಟರು ಆ ಆಸ್ಪತ್ರೆಗೆ ಚೀಟಿ ಬರೆಯುತ್ತಿದ್ದರು. ಆಗ ಹೇಳಿದೆ. ನೀರು ಹೋದದ್ದು ಬೆಳಿಗ್ಗೆ ಅಲ್ಲ ಸಾರ್, ಅದರ ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ ಎಂದು.

ಡಾಕ್ಟರ ಪೆನ್ನು ನಿಂತಿತು. ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ನೀರು ಹೋಗಿ ಅಷ್ಟು ಹೊತ್ತಾಗಿದ್ದರೆ ಕೂಸಿಗೆ ನಂಜು ಏರುತ್ತದೆ, ನಿನ್ನೆ ಬಂದ ಕೂಡಲೇ ಹೇಳಿದ್ದರೆ ಆಗಲೇ ಇಂಜೆಕ್ಷನ್ ಸುರು ಮಾಡುತ್ತಿದ್ದೆವಮ್ಮ ಎಂದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆನೋ ಏನೋ. ನರ್ಸಮ್ಮ ಒಂದು ಸಲ ನನ್ನನ್ನು ನೋಡಿ ಕೂಸಿನ ಕೈಯ ಪಟ್ಟಿ ಸರಿಮಾಡಿದಳು. ಆ ಚೀಟಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನನ್ನ ಗಂಡ ಆಂಬುಲೆನ್ಸ್ ಹತ್ತಿದರು. ಹೊಲಿಗೆ ಹಸಿಯಾಗಿವೆ, ನೀನು ಇಲ್ಲೇ ಇರಬೇಕು ಎಂದು ನನ್ನನ್ನು ಬಿಡಲಿಲ್ಲ.

ಮೂರನೆಯ ದಿನ ಹಾಲು ಇಳಿಯಿತು. ಎದೆ ಕಲ್ಲಿನ ಹಾಗೆ ಬಿಗಿದು, ಕೈ ಎತ್ತಲೂ ಬರದಷ್ಟು ನೋವು. ಬದಿಯ ಮಂಚದ ಕೂಸು ಅತ್ತರೆ ಸಾಕು, ಯಾರ ಕೂಸೆಂದು ಕೇಳದೆ ನನ್ನ ಕುಪ್ಪಸ ತೊಯ್ಯುತ್ತಿತ್ತು. ಹಿಂಡಿ ತೆಗೆಯದಿದ್ದರೆ ಕೀವಾಗುತ್ತದೆ ಎಂದರು. ಸ್ಟೀಲಿನ ಬಟ್ಟಲಲ್ಲಿ ಹಿಂಡಿದೆ. ಎದೆಹಾಲು ಬಚ್ಚಲಿಗೆ ಚೆಲ್ಲಬಾರದೆಂದು ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಆಸ್ಪತ್ರೆಯ ಹಿಂದಿನ ಬೇವಿನ ಬುಡಕ್ಕೆ ಹಾಕಿ ಬಂದಳು. ಎರಡನೆಯ ಸಲ ಬಟ್ಟಲು ಅರ್ಧ ತುಂಬಿದಾಗ ಫೋನು ಬಂತು. ನನ್ನ ಗಂಡನದು. “ಏನಾತು?” ಎಂದೆ. “ಹ್ವಾದಳು” ಎಂದರು. ನಾನು ಫೋನು ಹಿಡಿದುಕೊಂಡೇ ಇದ್ದೆ, ಹಾಲು ಸುರಿಯುತ್ತಲೇ ಇತ್ತು.

ಅವಳನ್ನು ತಾಂಡೂರಿಗೆ ಒಯ್ದು ಮಣ್ಣು ಮಾಡಿದರು. ಅಲ್ಲಿ ನೆಲ ಅಗೆದರೆ ಬೇಗ ಕಲ್ಲು ಸಿಗುತ್ತದೆ. ಎರಡು ಫೂಟಿಗೇ ಫರಸಿ ಹತ್ತಿತು, ಇನ್ನಷ್ಟು ಆಳ ಮಾಡಲು ಬರಲಿಲ್ಲ ಎಂದು ನನ್ನ ಗಂಡ ಒಂದು ಸಲ ಹೇಳಿದರು, ಮತ್ತೆ ಆ ಮಾತು ಎತ್ತಲಿಲ್ಲ. ಅವರು ತೆಲುಗು, ಇಂಗ್ಲಿಷ್ ಎರಡೂ ಓದಬಲ್ಲವರು. ಜೇಬಿನಲ್ಲಿದ್ದ ಆ ಚೀಟಿಯನ್ನು ದಾರಿಯಲ್ಲಿ ಓದಿಯೇ ಇರುತ್ತಾರೆ. ಈವರೆಗೆ ನನ್ನನ್ನು ಒಂದು ಮಾತೂ ಕೇಳಿಲ್ಲ. ಕೇಳದ ಆ ಮಾತೇ ನಮ್ಮ ಮನೆಯಲ್ಲಿ ಈಗ ದಿನಾ ಇರುತ್ತದೆ.

ಕೂಸಿಲ್ಲದ ಬಾಣಂತಿಗೂ ಬಾಣಂತನ ತಪ್ಪುವುದಿಲ್ಲ. ಅವ್ವ ನನ್ನ ಕಿವಿಗೆ ಅರಳೆ ಇಟ್ಟು ತಲೆಗೆ ಬಟ್ಟೆ ಕಟ್ಟಿದಳು, ಎಣ್ಣೆ ತಿಕ್ಕಿ ಸುಡುಸುಡು ನೀರು ಹಾಕಿದಳು, ಮಂಚದ ಕೆಳಗೆ ಅಜವಾನದ ಹೊಗೆ ಇಟ್ಟಳು. ಹಾಲು ಬತ್ತಲೆಂದು ಮಲ್ಲಿಗೆ ತಂದು ಎದೆಗೆ ಒತ್ತಿ ಬಟ್ಟೆ ಬಿಗಿದಳು. ಮದುವೆ ಮನೆಯ ವಾಸನೆ ಬರುತ್ತಿತ್ತು ನನ್ನ ಮೈಗೆ. ನಾಲ್ಕು ದಿನ ಕಟ್ಟಿದ ಮೇಲೆ ಹಾಲು ನಿಂತಿತು. ನಿಂತದ್ದಕ್ಕೂ ಅತ್ತೆ.

ನೋಡಲು ಬಂದವರಿಗೆಲ್ಲ ಅವ್ವ, “ಅದರ ಋಣ ಅಷ್ಟೇ ಇತ್ತು” ಎನ್ನುತ್ತಿದ್ದಳು. ಒಂದು ದಿನ ಮಂದಿ ಎದ್ದು ಹೋದ ಮೇಲೆ ತಡೆಯಲಾಗದೆ ಅವಳನ್ನು ಎದುರಿಗೆ ಕೂರಿಸಿಕೊಂಡೆ. ಹಾಳೆಯ ಮುಂದೆ ಹೇಗೆ ಹೇಳುತ್ತೇನೋ ಹಾಗೇ, ಬಿಡಿಸಿ ಬಿಡಿಸಿ ಹೇಳಿದೆ. ಋಣ ಅಲ್ಲವ್ವ. ನೀರು ಹೋದ ಮೇಲೆ ಒಳಗೆ ನಂಜು ಏರುತ್ತದೆ. ನಾವು ಆ ಮಧ್ಯಾಹ್ನವೇ ಹೋಗಬೇಕಿತ್ತು. ಹೋಗಲಿಲ್ಲ ಅನ್ನುವುದನ್ನಾದರೂ ನಾನು ದವಾಖಾನೆಯಲ್ಲಿ ಹೇಳಬೇಕಿತ್ತು, ಸುಳ್ಳು ಹೇಳಿದೆ. ಹೊತ್ತು ತಪ್ಪಿತು, ಅದಕ್ಕೇ ಸತ್ತಳು ಎಂದೆ.

ಕೇಳುತ್ತ ಕೇಳುತ್ತ ಅವ್ವನ ಕಣ್ಣು ತುಂಬಿದವು. ತಿಳಿಯಿತು ಅವಳಿಗೆ ಎಂದುಕೊಂಡೆ. ತಿಳಿದದ್ದಕ್ಕೆ ಅಯ್ಯೋ ಎನಿಸಿತು, ಒಂದು ಕಡೆ ಜೀವ ಹಗುರವೂ ಆಯಿತು. ಇಬ್ಬರೂ ಕೂಡಿ ಹೊರಬಹುದು ಎಂದುಕೊಂಡೆ.

ಅವಳು ನನ್ನ ತಲೆಯ ಬಟ್ಟೆ ಸರಿಮಾಡಿದಳು. “ನಿಂದೇನು ತಪ್ಪಿಲ್ಲವ್ವ” ಎಂದಳು. “ಹೊತ್ತು ತಪ್ಪಿದ್ದು ನನಗ ಗೊತ್ತಿಲ್ಲೇನು? ತಪ್ಪೆಲ್ಲ ನಂದು. ಅಮಾಸಿ ಬಿಡಾಕ ಇನ್ನ ಒಂದು ತಾಸು ಇತ್ತು. ನೀ ಅಳೂದು ನೋಡಿ ನನ್ನ ಕರಳು ತಡೀಲಿಲ್ಲ, ಮೊದಲೇ ಹೊಸ್ತಿಲ ದಾಟಿಸಿಬಿಟ್ಟೆ. ಆ ಒಂದು ತಾಸು ನಿಂದ್ರಬೇಕಿತ್ತು.”

ಮತ್ತೊಮ್ಮೆ ಮೊದಲಿನಿಂದ ಹೇಳುವ ತ್ರಾಣ ನನ್ನಲ್ಲಿರಲಿಲ್ಲ. ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅವಳು ನನ್ನ ಬೆನ್ನು ಸವರುತ್ತ ತಾನೂ ಅತ್ತಳು. ತನ್ನ ಮಾತನ್ನು ನಾನು ಒಪ್ಪಿದೆ ಎಂದುಕೊಂಡಳು.