ಏಳನೇ ಕುಳಿಯ ನೆಲ

ನಾನು ಅಂಚೆ ಕಚೇರಿಯವನು. ಭಾನುವಾರ ಮೇಲಧಿಕಾರಿಗಳ ಜೊತೆ ಗಾಲ್ಫ್ ಆಡಬೇಕಾದ ಕರ್ಮ ನನ್ನದು. ಚೆಂಡನ್ನು ದೂರಕ್ಕೆ ಬಾರಿಸುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಕುಳಿಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ಮೆಲ್ಲಗೆ ತಳ್ಳಬೇಕಾದಾಗ ಮಾತ್ರ ಕೈ ನಡುಗುತ್ತದೆ. ಆ ತಳ್ಳುವಿಕೆಗೆ ಪಟ್ ಎನ್ನುತ್ತಾರೆ. ಮಕ್ಕಳಾಡುವ ಮಿನಿ ಗಾಲ್ಫಿಗೆ ಹೋಗಿ ಅಭ್ಯಾಸ ಮಾಡು, ಅಲ್ಲಿ ಪಟ್ ಬಿಟ್ಟರೆ ಬೇರೇನೂ ಇಲ್ಲ ಎಂದು ಯಾರೋ ಹೇಳಿದರು. ನಾಚಿಕೆ ಬಿಟ್ಟು ಹೋದೆ. ಚೆಂಡಕ್ಕನ ಪರಿಚಯವಾದದ್ದು ಹಾಗೆ.

ಎಲ್ಲರೂ ಹಾಗೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಅವರಿಗೇ ಮರೆತಿತ್ತೇನೋ. ಐವತ್ತು ದಾಟಿದ ಹೆಂಗಸು, ಹಳದಿ ಏಪ್ರನ್, ಜೇಬಿನಲ್ಲಿ ಅಂಟಿನ ಡಬ್ಬಿ. ಬಡಗಿಯಾಗಿದ್ದ ಅಪ್ಪ ಹಳೆಯ ಗೋದಾಮಿನೊಳಗೆ ಒಂಬತ್ತು ಕುಳಿಗಳನ್ನು ಮಾಡಿಟ್ಟು ಬೇಗ ತೀರಿಕೊಂಡಿದ್ದರು. ಹನ್ನೆರಡನೇ ವಯಸ್ಸಿನಿಂದ ಹಸಿರು ಹಾಸು ಅಂಟಿಸುವುದು, ಕಸ ಗುಡಿಸುವುದು, ಜಗಳವಾಡುವ ಮಕ್ಕಳನ್ನು ಗದರುವುದು ಎಲ್ಲ ಇವರದೇ. ಬೆನ್ನು ತಿರುಗಿಸಿ ನಿಂತಿದ್ದರೂ ಕೋಲು ಚೆಂಡಿಗೆ ತಗುಲಿದ ಸದ್ದು ಕೇಳಿಯೇ ಅದು ಕುಳಿಗೆ ಬೀಳುತ್ತದೋ ಇಲ್ಲವೋ ಹೇಳಿಬಿಡುತ್ತಿದ್ದರು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮಂಡಿಯೂರಿ, ಗಾರೆಯವರ ರಸಮಟ್ಟವನ್ನಿಟ್ಟು ಒಂಬತ್ತೂ ನೆಲಗಳನ್ನು ನೋಡುತ್ತಿದ್ದರು. ನೀರಿನ ಗುಳ್ಳೆ ನಡುವೆ ನಿಲ್ಲಬೇಕು. ಕೂದಲೆಳೆಯಷ್ಟು ಸರಿದರೂ ಹಾಸು ಕಿತ್ತು ಮತ್ತೆ ಕೂರಿಸುವವರು.

ಏಳನೇ ಕುಳಿಯದು ಅತಿ ಉದ್ದದ ಹಾದಿ. ಗಾಳಿಗಿರಣಿಯಿಲ್ಲ, ಸುರಂಗವಿಲ್ಲ, ಏರಿಲ್ಲ, ತಗ್ಗಿಲ್ಲ. ನೆಪ ಹೇಳಲು ಏನೂ ಇಲ್ಲದ ಕುಳಿ. ಅವರು ನನ್ನನ್ನು ತಿಂಗಳುಗಟ್ಟಲೆ ಅಲ್ಲೇ ನಿಲ್ಲಿಸಿದರು.

"ತಲೆ ಎತ್ಬೇಡಿ ಪೋಸ್ಟ್ ಸಾಹೇಬ್ರೇ. ಚೆಂಡು ಬಿದ್ದಿದ್ದು ಕಿವಿಗೆ ಕೇಳುತ್ತೆ. ಕಣ್ಣಿಗೇನು ಅವಸರ?"

ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಹೋಗುವ ಹೊತ್ತಿಗೆ ಅವರ ಅಣ್ಣನೂ ಬರುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಶಾಲೆಯ ಬಸ್ ಓಡಿಸುವವರು. ಮಕ್ಕಳನ್ನು ಮನೆಗೆ ಬಿಡುವ ಹೊತ್ತಾಗುವವರೆಗೆ ಬಸ್ಸನ್ನು ಗೇಟಿನ ಮುಂದೆ ನಿಲ್ಲಿಸಿ, ಏಳನೇ ಕುಳಿಗೆ ಹತ್ತು ಚೆಂಡು ಹೊಡೆಯುವರು. ಹತ್ತಕ್ಕೆ ಹತ್ತು. ನೋಡಿದರೆ ಹೊಟ್ಟೆಕಿಚ್ಚಾಗುತ್ತಿತ್ತು. ಅಪ್ಪ ಹೋದಮೇಲೆ ತಂಗಿಯನ್ನು ಸಾಕಿದವರು ಅವರೇ, ಕೋಲು ಹಿಡಿಯಲು ಕಲಿಸಿದವರೂ ಅವರೇ. ಈಗಲೂ ಇಬ್ಬರದೂ ಒಂದೇ ಅಡುಗೆಮನೆ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಡ್ರೈವರಣ್ಣ ಮೂರು ದಿನ ತಲೆನೋವೆಂದು ಮಲಗಿದರು. ಮಾತ್ರೆ ನುಂಗಿ ಎದ್ದರು. ಅಲ್ಲಿಂದಾಚೆ ಅವರ ಚೆಂಡುಗಳು ಕುಳಿಯ ಬಲಕ್ಕೆ ಹೋಗತೊಡಗಿದವು. ಒಂದಲ್ಲ, ಹತ್ತೂ. ಪ್ರತಿಯೊಂದೂ ಎರಡು ಬೆರಳಿನಷ್ಟು ಬಲಕ್ಕೆ.

"ನೆಲ ಕೆಟ್ಟಿದೆ, ನೋಡೇ," ಎಂದರು ತಂಗಿಗೆ.

ಒಂದು ದಿನ ಎಡಗೆನ್ನೆ ಬೋಳಿಸದೆ ಬಂದರು. "ಅರ್ಧ ಗಡ್ಡ ಯಾರಿಗೆ ಮೀಸಲು?" ಎಂದು ನಾನು ನಗೆಯಾಡಿದೆ, ಅವರೂ ನಕ್ಕರು. ಇನ್ನೊಂದು ದಿನ ಬಸ್ಸಿನ ಎಡಗನ್ನಡಿ ಮುರಿದಿತ್ತು. "ಕಂಬ ತಾನಾಗೇ ಅಡ್ಡ ಬಂತು," ಎಂದರು. ಆಗಲೂ ನಕ್ಕೆವು. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಚೆಂಡಕ್ಕ ಮಾತ್ರ ನಗಲಿಲ್ಲ.

ಅದಾಗಿ ಎರಡು ವಾರಕ್ಕೆ ಡ್ರೈವರಣ್ಣನಿಗೆ ಮತ್ತೆ ಹತ್ತಕ್ಕೆ ಹತ್ತು ಬೀಳತೊಡಗಿತು. ಅದೇ ವಾರ ನನ್ನ ಆಟ ಕೆಟ್ಟಿತು. ತಲೆ ಎತ್ತಲಿಲ್ಲ, ಕೈ ನಡುಗಲಿಲ್ಲ, ಆದರೂ ಚೆಂಡು ಎಡಕ್ಕೆ ಜಾರುತ್ತಿತ್ತು. ಮೂರು ದಿನ ತಡೆದುಕೊಂಡೆ. ನಾಲ್ಕನೇ ದಿನ ರೇಗಿಹೋಯಿತು.

"ಚೆಂಡಕ್ಕಾ, ಈ ನೆಲ ಡೊಂಕು!"

ಕುಣಿಯಲಾರದವಳ ಗಾದೆಯನ್ನು ಮುಖಕ್ಕೆ ಎಸೆಯುತ್ತಾರೆಂದು ಕಾದೆ. ಯಾರು ನೆಲ ಡೊಂಕು ಅಂದರೂ ಅವರ ಬಾಯಿಂದ ಬರುತ್ತಿದ್ದದ್ದು ಅದೊಂದೇ. ಆ ದಿನ ಬರಲಿಲ್ಲ. ಮುಖ ಬಿಳಿಚಿಕೊಂಡಿತು.

ಬಗ್ಗಿ ಹಾಸಿನ ಬಲ ಅಂಚನ್ನು ಎತ್ತಿ ತೋರಿಸಿದರು. ಕೆಳಗೆ ಉದ್ದಕ್ಕೂ ರಟ್ಟಿನ ಚೂರುಗಳು, ಒಂದರ ಮೇಲೊಂದು, ಅಂಟು ಹಾಕಿ ಕೂರಿಸಿದವು.

"ಅಣ್ಣನ ಚೆಂಡು ಬೀಳ್ಲಿ ಅಂತ," ಎಂದರು. "ದಿನಕ್ಕೊಂದು ಚೂರು ಏರಿಸ್ತಾ ಬಂದೆ."

ನಲವತ್ತು ವರ್ಷ ನೆಲವನ್ನು ನೇರ ಮಾಡಿದ ಕೈ ಅಣ್ಣನ ಕಣ್ಣಿಗೆ ತಕ್ಕಂತೆ ನೆಲವನ್ನೇ ಓರೆ ಮಾಡಿತ್ತು. ನನಗೆ ಸಿಟ್ಟು ತಡೆಯಲಾಗಲಿಲ್ಲ.

"ನಿಮ್ಮ ಬುದ್ಧಿಗಿಷ್ಟು! ಅವರು ಓಡಿಸೋದು ಮಕ್ಕಳ ಬಸ್ಸು. ರಸ್ತೆ ಕೆಳಗೂ ರಟ್ಟು ಇಡ್ತೀರಾ?"

"ಬಸ್ಸು ಬಿಡಿಸಿದ್ರೆ ನಮ್ಮಣ್ಣ ಉಳಿಯಲ್ಲ ಸಾಹೇಬ್ರೇ," ಎಂದು ಅಳತೊಡಗಿದರು. ಅಳುತ್ತಲೇ ಚೂರುಗಳನ್ನು ಒಂದೊಂದಾಗಿ ಕಿತ್ತರು. ಹೊರಗೆ ಬಸ್ಸು ಬಂದು ನಿಂತ ಸದ್ದಾಯಿತು.

ಡ್ರೈವರಣ್ಣ ಹತ್ತು ಚೆಂಡು ಹೊಡೆದರು. ಹತ್ತೂ ಬಲಕ್ಕೆ ಹೋದವು. ಈಗ ಎರಡು ಬೆರಳಲ್ಲ, ಒಂದು ಗೇಣು.

"ಮತ್ತೆ ಕೆಡಿಸಿದ್ಯಲ್ಲೇ ನೆಲಾನ!"

ಚೆಂಡಕ್ಕ ರಸಮಟ್ಟವನ್ನು ಅವರ ಕಾಲಬಳಿ ಇಟ್ಟರು. ಗುಳ್ಳೆ ನಡುವೆ ನಿಂತಿತ್ತು. "ನೆಲ ಸರಿಯಿದೆ ಅಣ್ಣ. ಇಷ್ಟು ದಿನ ನಾನೇ ರಟ್ಟು ಇಟ್ಟಿದ್ದೆ. ನಿನ್ನ ಕಣ್ಣಲ್ಲಿ ಏನೋ ಆಗಿದೆ. ಡಾಕ್ಟ್ರ ಹತ್ರ ಹೋಗೋಣ."

"ಅಪ್ಪನ ಕಾಲದ ಮಟ್ಟ ಅದು, ಅದಕ್ಕೇ ಕಣ್ಣು ಕಾಣಲ್ಲ," ಎಂದು ಕೋಲನ್ನು ಗೋಡೆಗೊರಗಿಸಿದರು. "ಹೊತ್ತಾಯ್ತು. ಮಕ್ಕಳು ಕಾಯ್ತಿರ್ತಾವೆ."

ಬಾಗಿಲು ದಾಟುವಾಗ ಅವರ ಎಡಭುಜ ಚೌಕಟ್ಟಿಗೆ ಬಡಿಯಿತು. ತಿರುಗಿಯೂ ನೋಡಲಿಲ್ಲ.

ಚೆಂಡಕ್ಕ ಕಣ್ಣೊರೆಸಿಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಓಡಿದರು. ನಾನು ಅವರ ಹಿಂದೆ ಹೋಗುವಷ್ಟರಲ್ಲಿ ಬಸ್ಸಿನ ಎಡದೀಪದ ಎದುರು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದರು. ಮಟಮಟ ಮಧ್ಯಾಹ್ನ. ಹಳದಿ ಏಪ್ರನ್ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಕೈ ಎತ್ತಲಿಲ್ಲ, ಕೂಗಲಿಲ್ಲ, ಸುಮ್ಮನೆ ನಿಂತರು.

ಡ್ರೈವರಣ್ಣ ಹತ್ತಿ ಕುಳಿತರು. ಮುಂದೆ ನೋಡಿದರು. ಬಲಗಡೆ ನಿಂತಿದ್ದ ನನ್ನನ್ನು ಕಂಡು ನಕ್ಕು ಕೈಬೀಸಿದರು. ಇಂಜಿನ್ ಶುರುವಾಯಿತು. ಎದುರಿಗಿರುವ ತಂಗಿಯನ್ನು ಈಗ ನೋಡುತ್ತಾರೆ, ಈಗ ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದಂತೆಯೇ ಬಸ್ಸು ಮುಂದಕ್ಕೆ ಹೊರಟಿತು.

ನಾನು ಕಿರುಚಿದೆ. ಡ್ರೈವರ್ ಬದಿಯ ಬಾಗಿಲಿಗೆ ಎರಡೂ ಕೈಯಿಂದ ಬಡಿದೆ. ಬಸ್ಸು ಕುಲುಕಿ ನಿಂತಿತು.

"ಏನ್ರೀ ಅದು, ಪ್ರಾಣ ಹೋದವ್ರ ಹಾಗೆ?" ಎಂದು ಬೈಯುತ್ತ ಇಳಿದು ಮುಂದಕ್ಕೆ ಬಂದರು. ಬಂಪರು ಏಪ್ರನ್ನಿಗೆ ತಾಗಿಕೊಂಡು ನಿಂತಿತ್ತು. ಚೆಂಡಕ್ಕ ಕದಲಿರಲಿಲ್ಲ.

"ನೀನು ಯಾವಾಗ ಬಂದೆ?" ಅವರ ದನಿ ಉಡುಗಿಹೋಗಿತ್ತು.

"ನೀನು ಬಸ್ಸು ಹತ್ತೋಕ್ಕೆ ಮುಂಚೇನೇ ಬಂದೆ. ನಾನು ಐದಡಿ ಇದ್ದೀನಿ ಅಣ್ಣ. ಆ ಮಕ್ಕಳು ಮೂರಡಿ."

ಡ್ರೈವರಣ್ಣ ಬಸ್ಸಿನ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿ ಗೋದಾಮಿನ ಮೆಟ್ಟಿಲ ಮೇಲೆ ಕುಸಿದು ಕುಳಿತರು. ನಾನು ಶಾಲೆಗೆ ಫೋನ್ ಮಾಡಿ ಬೇರೆ ಡ್ರೈವರನ್ನು ಕಳಿಸಲು ಹೇಳಿ, ಆಸ್ಪತ್ರೆಗೆ ಆಟೋ ಕರೆದು ಬಂದೆ. ಅಷ್ಟರಲ್ಲಿ ಚೆಂಡಕ್ಕನೂ ಅದೇ ಮೆಟ್ಟಿಲ ಮೇಲೆ, ಅಣ್ಣನ ಎಡಕ್ಕೆ ಒತ್ತಿಕೊಂಡು ಕುಳಿತಿದ್ದರು.

ಡ್ರೈವರಣ್ಣ ತಲೆಯೆತ್ತಿ ನನ್ನನ್ನು ನೋಡಿದರು. ಕಣ್ಣು ತುಂಬಿತ್ತು.

"ನನ್ನ ತಂಗಿ ಎಲ್ಲಿ ಹೋದ್ಲು ಸಾರ್?"

ಚೆಂಡಕ್ಕ ಸದ್ದಿಲ್ಲದೆ ಎದ್ದು, ಸುತ್ತಿ ಬಂದು, ಅವರ ಬಲಕ್ಕೆ ಕುಳಿತರು.